ಕಡಲೆ ಕಿತ್ತ ಹೊಲ

"ಪ್ಯಾರಾಚೂಟ್ ಇರ್ಲಿಲ್ಲೇನು? ಜಿಗದ್ ಬಿಡ್ಬೇಕಿತ್ತು."

ನಾನು ವಿಮಾನ ಹಾರಿಸಲು ಕಲಿಯುತ್ತಿರುವವಳು. ಫೆಬ್ರವರಿಯಲ್ಲಿ ಇಂಜಿನ್ ಕೈಕೊಟ್ಟು ಹೊಲದಲ್ಲಿ ಇಳಿಯಬೇಕಾಯಿತು. ಆವತ್ತಿನಿಂದ ಇವತ್ತಿನ ತನಕ ಜನ ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಜೇವರ್ಗಿಯಿಂದ ಮಾಮಾ ಫೋನ್ ಮಾಡಿ ಕೇಳಿದರು. ಮದುವೆ ಮನೆಯಲ್ಲಿ ಚಿಗವ್ವ ಕೇಳಿದಳು. ನನ್ನ ಎಜುಕೇಶನ್ ಲೋನ್ ನೋಡಿಕೊಳ್ಳುವ ಬ್ಯಾಂಕಿನ ಸಾಹೇಬರೂ ಕೇಳಿದರು. ಅವರಿಗೆ ಕೇಳುವ ಹಕ್ಕು ಉಳಿದವರಿಗಿಂತ ಜಾಸ್ತಿ ಇದೆ ಅನ್ನಿ.

ನಮ್ಮ ಜನರ ತಲೆಯಲ್ಲಿ ಪ್ಯಾರಾಚೂಟ್ ಹೊಕ್ಕಿರುವುದು ಬೀದರ್‌ನಿಂದ ಅಂತ ನನ್ನ ಅನುಮಾನ. ಅಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಹಾಕ್ ಜೆಟ್‌ಗಳಲ್ಲಿ ಕಲಿಯುವ ಹುಡುಗರು, ಸೂರ್ಯಕಿರಣ ತಂಡ, ಎಲ್ಲ ಅಲ್ಲಿಯೇ. ಹಾಕ್‌ನಲ್ಲಿ ಸೀಟಿಗೇ ರಾಕೆಟ್ ಜೋಡಿಸಿರುತ್ತಾರೆ. ಹಿಡಿ ಎಳೆದರೆ ಪೈಲಟ್ ಸೀಟು ಸಮೇತ ಹೊರಗೆ, ಪ್ಯಾರಾಚೂಟ್ ತಾನೇ ಬಿಚ್ಚಿಕೊಳ್ಳುತ್ತೆ. ನಾನು ಕಲಿಯುತ್ತಿರುವುದು ಸೆಸ್ನಾ 172. ನಾಲ್ಕು ಸೀಟು, ಮೂರು ಗಾಲಿ, ಒಂದೇ ಇಂಜಿನ್. ಸಿರಸ್ ಅಂತ ಇನ್ನೊಂದು ಕಂಪನಿಯ ಸಣ್ಣ ವಿಮಾನಗಳಲ್ಲಿ ಇಡೀ ವಿಮಾನಕ್ಕೇ ಒಂದು ಪ್ಯಾರಾಚೂಟ್ ಕೊಟ್ಟಿರುತ್ತಾರೆ. ನಮ್ಮದರಲ್ಲಿ ಅದೂ ಇಲ್ಲ. ಇರುವುದು ರೆಕ್ಕೆ, ಅಷ್ಟೇ.

ಆದರೆ ರೆಕ್ಕೆ ಕಮ್ಮಿ ಏನಲ್ಲ. ಇಂಜಿನ್ ನಿಂತ ಕೂಡಲೇ ವಿಮಾನ ದೊಪ್ಪಂತ ಬೀಳಲ್ಲ. ಮೂಗು ಸ್ವಲ್ಪ ತಗ್ಗಿಸಿ 68 ನಾಟ್, ಅಂದರೆ ಗಂಟೆಗೆ ಸುಮಾರು 125 ಕಿಲೋಮೀಟರ್ ವೇಗ ಹಿಡಿದುಕೊಂಡರೆ ತೇಲುತ್ತಾ ಇಳಿಯುತ್ತೆ. ಒಂದು ಅಡಿ ಇಳಿಯುವಷ್ಟರಲ್ಲಿ ಹೆಚ್ಚುಕಮ್ಮಿ ಒಂಬತ್ತು ಅಡಿ ಮುಂದೆ ಹೋಗಿರುತ್ತೆ. ಇಲ್ಲಿ ನಮ್ಮ ಕಡೆಯ ಒಂದು ಲೆಕ್ಕ ಮರೆಯುವಂತಿಲ್ಲ. ಎತ್ತರ ತೋರಿಸುವ ಮೀಟರ್ ಅಳೆಯುವುದು ಸಮುದ್ರಮಟ್ಟದಿಂದ. ಕಲಬುರಗಿಯ ನೆಲವೇ ಸಮುದ್ರದಿಂದ ಸುಮಾರು 1500 ಅಡಿ ಮೇಲಿದೆ. ಹಾಗಾಗಿ ಮೀಟರ್ 3500 ತೋರಿಸಿದರೆ ನಮ್ಮ ಕಾಲ ಕೆಳಗೆ ನಿಜವಾಗಿ ಇರುವುದು 2000 ಅಡಿ. ಅದರಲ್ಲಿ ಐದೂವರೆ ಕಿಲೋಮೀಟರ್ ದೂರ ಹೋಗಬಹುದು. ಟೈಮ್ ಎರಡೂವರೆ ನಿಮಿಷ.

ಆವತ್ತು ನಾವಿದ್ದದ್ದು ಅದೇ 3500ರಲ್ಲಿ.

ಫೆಬ್ರವರಿ ಮೊದಲ ವಾರ, ಬೆಳಗಿನ ಹೊತ್ತು, ಬಿಸಿಲು ಇನ್ನೂ ಏರಿರಲಿಲ್ಲ. ಸೇಡಂ ರಸ್ತೆಯಲ್ಲಿ ಶ್ರೀನಿವಾಸ ಸರಡಗಿ ಹತ್ತಿರ ಇರುವ ನಮ್ಮ ಏರ್‌ಪೋರ್ಟ್‌ನಿಂದ ಹೊರಟಿದ್ದೆವು. 2019ರ ನವೆಂಬರ್‌ನಲ್ಲಿ ಶುರುವಾದ ಏರ್‌ಪೋರ್ಟ್ ಅದು. ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ, ಸೆಸ್ನಾಕ್ಕೆ ಅದರ ಕಾಲುಭಾಗವೇ ಜಾಸ್ತಿ. ಪಕ್ಕದ ಸೀಟಿನಲ್ಲಿ ಹಾರಿಸಲು ಕಲಿಸುವ ಸರ್. ಅವರ ಹೆಸರು, ನಮ್ಮ ಶಾಲೆಯ ಹೆಸರು, ಇಳಿದ ಊರಿನ ಹೆಸರು ಯಾವುದನ್ನೂ ಇಲ್ಲಿ ಹಾಕಲ್ಲ. ಸರ್ ಉತ್ತರ ಭಾರತದವರು, ಕಲಬುರಗಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ ಅನ್ನುವುದಷ್ಟು ಸಾಕು. ಇದನ್ನು ಹೇಳುವುದಕ್ಕೆ ಕಾರಣ ಇದೆ, ಮುಂದೆ ಗೊತ್ತಾಗುತ್ತೆ.

ಸೇಡಂ ಕಡೆ ತಿರುವುಗಳ ಅಭ್ಯಾಸ ನಡೆದಿತ್ತು. ಒಂದು ತಿರುವು ಮುಗಿಸಿ ರೆಕ್ಕೆ ಸಮ ಮಾಡುವಾಗ ಇಂಜಿನ್ ಕೆಮ್ಮಿತು. ಬಾವಿ ಮೇಲಿನ ಹಳೇ ಡೀಸೆಲ್ ಪಂಪ್‌ಸೆಟ್ ಗಾಳಿ ಹಿಡಿದಾಗ ಮಾಡುತ್ತಲ್ವಾ, ಅದೇ ಸದ್ದು. ಆಮೇಲೆ ಇಡೀ ವಿಮಾನ ನಡುಗಲು ಶುರು. ಮುಂದಿನ ಮೀಟರ್‌ಗಳ ಮುಳ್ಳು ಓದಲಿಕ್ಕೆ ಆಗುತ್ತಿರಲಿಲ್ಲ, ಅಷ್ಟು ನಡುಕ. "ಐ ಹ್ಯಾವ್ ಕಂಟ್ರೋಲ್ಸ್" ಅಂದರು ಸರ್. ನಾನು ಕೈ ಬಿಟ್ಟೆ.

ಮೊದಲು ವೇಗ. ಆಮೇಲೆ ಅವರು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಇಂಧನದ ಎಕ್ಸ್‌ಟ್ರಾ ಪಂಪ್ ಆನ್. ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅಂತ ಹೊಂದಿಸುವ ಮಿಕ್ಸ್ಚರ್ ಹಿಡಿ ಪೂರ್ತಿ ಒಳಗೆ. ಎರಡೂ ಟ್ಯಾಂಕ್ ಓಪನ್ ಇವೆಯಾ? ಇವೆ. ಆಮೇಲೆ ಮ್ಯಾಗ್ನೆಟೋ. ಈ ಇಂಜಿನ್‌ನಲ್ಲಿ ಒಂದೊಂದು ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್ ಇರುತ್ತವೆ. ಅವುಗಳಿಗೆ ಕಿಡಿ ಕೊಡಲು ಬೇರೆ ಬೇರೆ ಎರಡು ಮ್ಯಾಗ್ನೆಟೋ. ಬ್ಯಾಟರಿ ಸತ್ತರೂ ಕಿಡಿ ನಿಲ್ಲಲ್ಲ, ಒಂದು ಮ್ಯಾಗ್ನೆಟೋ ಕೆಟ್ಟರೂ ಇನ್ನೊಂದು ನಡೆಸುತ್ತೆ. ಕೀಲಿ ತಿರುಗಿಸಿ ಎಡಗಡೆಯದು ಒಂದೇ ಇಟ್ಟು ನೋಡಿದೆ, ಬಲಗಡೆಯದು ಒಂದೇ ಇಟ್ಟು ನೋಡಿದೆ. ಏನೂ ಫರಕು ಇಲ್ಲ. ಅಂದರೆ ತೊಂದರೆ ಕಿಡಿಯದ್ದಲ್ಲ. ಪವರ್ ಕೊಡುವ ಥ್ರಾಟಲ್ ಪೂರ್ತಿ ಒತ್ತಿದರೂ ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, 1700ರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ಎತ್ತರ ನಿಧಾನಕ್ಕೆ ಕರಗುತ್ತಿತ್ತು.

ಇಂಜಿನ್ ಪೂರ್ತಿ ನಿಂತುಬಿಟ್ಟರೆ ಒಂದು ರೀತಿಯಲ್ಲಿ ಸಲೀಸು, ಇನ್ನು ಯೋಚನೆ ಮಾಡುವುದೇನೂ ಉಳಿಯಲ್ಲ. ಅರ್ಧ ಜೀವ ಇರುವ ಇಂಜಿನ್ ಆಸೆ ಹುಟ್ಟಿಸುತ್ತೆ. ಏರ್‌ಪೋರ್ಟ್ ಹಿಂದುಗಡೆ ಹನ್ನೆರಡು ಕಿಲೋಮೀಟರ್ ಇರಬಹುದು. ಇಷ್ಟು ಪವರ್ ಇದೆಯಲ್ಲ, ತಿರುಗಿಸಿಕೊಂಡು ಮೆಲ್ಲಗೆ ಹೋಗಿಬಿಡೋಣ ಅಂತ ನನ್ನ ಮನಸ್ಸು ಹೇಳುತ್ತಿತ್ತು. ಸರ್ ಒಂದೇ ಮಾತಲ್ಲಿ ಮುಗಿಸಿದರು. ಅದು ದಾರಿಯಲ್ಲಿ ಬಿಟ್ಟುಕೊಟ್ಟರೆ ಆಗ ಎತ್ತರ ಇರಲ್ಲ, ಹೊಲ ಆರಿಸಲು ಟೈಮ್ ಇರಲ್ಲ, ಕೆಳಗೆ ಊರು ಇರುತ್ತೆ. ಈಗ ಎತ್ತರ ಇದೆ, ಈಗಲೇ ಇಳಿಯೋದು. ರೇಡಿಯೋದಲ್ಲಿ ಮೂರು ಸಲ ಮೇಡೇ ಅಂತ ಅಪಾಯದ ಕರೆ ಕೊಟ್ಟರು. ನಾನು ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7700 ಹಾಕಿದೆ. ಕಷ್ಟದಲ್ಲಿರುವ ವಿಮಾನ ಅಂತ ತಿಳಿಸುವ ನಂಬರ್ ಅದು, ಎಲ್ಲ ದೇಶಗಳಲ್ಲೂ ಒಂದೇ.

ಇನ್ನು ಹೊಲ.

ತುರ್ತಾಗಿ ಇಳಿಯಲು ಎಂಥ ಹೊಲ ಬೇಕು ಅಂತ ಪುಸ್ತಕದಲ್ಲಿ ಚೆನ್ನಾಗಿಯೇ ಬರೆದಿದ್ದಾರೆ. ಉದ್ದ ಇರಬೇಕು, ಇಳಿಜಾರು ಇರಬಾರದು, ನೆಲ ಗಟ್ಟಿ ಇರಬೇಕು, ಸುತ್ತ ಮರ ತಂತಿ ಇರಬಾರದು. ಎಲ್ಲ ಸರಿ. ಆದರೆ ಅದು ಯಾವ ದೇಶಕ್ಕೂ ಹೊಂದುವಂತೆ ಬರೆದ ಪುಸ್ತಕ. ಸೇಡಂ ಕಡೆ ಫೆಬ್ರವರಿಯಲ್ಲಿ ಯಾವ ಬಣ್ಣದ ಹೊಲದಲ್ಲಿ ಏನಿರುತ್ತೆ ಅಂತ ಅದರಲ್ಲಿ ಎಲ್ಲಿಂದ ಬರಬೇಕು? ಮೇಲಿಂದ ನೋಡಿದರೆ ಎಲ್ಲ ಹೊಲವೂ ಸಮ ಕಾಣುತ್ತೆ. ಎರಡು ಸಾವಿರ ಅಡಿಯಿಂದ ಒಡ್ಡು ಕೂಡ ಒಂದು ಗೆರೆ ಅಷ್ಟೇ.

ಎಡಗಡೆ ದೊಡ್ಡ ಹಸಿರು ಹೊಲ ಇತ್ತು. ಸರ್ ಅದಕ್ಕೇ ಕೈ ತೋರಿಸಿದರು. ಹೊಸಬರು ಯಾರಾದರೂ ಅದನ್ನೇ ಆರಿಸುತ್ತಾರೆ, ಕಣ್ಣಿಗೆ ಮೆತ್ತಗೆ ಕಾಣುತ್ತೆ. "ಸರ್, ಜೋಳ. ವೆರಿ ಟಾಲ್" ಅಂದೆ. ಹಿಂಗಾರಿ ಬಿಳಿಜೋಳ ಆ ಹೊತ್ತಿಗೆ ತೆನೆ ಕಟ್ಟಿ ಆಳೆತ್ತರ ನಿಂತಿರುತ್ತೆ. ಗಾಲಿಗೆ ದಂಟು ಸಿಕ್ಕಿದರೆ ವಿಮಾನ ಮೂಗಿನ ಮೇಲೆ ಮಗುಚಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ತೆನೆಯ ತುದಿಯನ್ನೇ ನೆಲ ಅಂದುಕೊಂಡು ಇಳಿಸಬೇಕಂತೆ. ನಮಗೆ ಬೇರೆ ದಾರಿ ಇತ್ತು.

ನೇರ ಮುಂದೆ ಒಣ ಹುಲ್ಲಿನ ಬಣ್ಣದ ಹೊಲ. ಉದ್ದಕ್ಕೆ ಬೇಕಾದಷ್ಟಿತ್ತು. ಅದು ತೊಗರಿ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಗೊತ್ತಿರುವುದು ಅದರಲ್ಲಿ ನಡೆದವರಿಗೆ ಮಾತ್ರ. ಹೆಬ್ಬೆರಳಿನಷ್ಟು ದಪ್ಪ, ಕುಡುಗೋಲು ಓರೆಯಾಗಿ ಕಡಿದಿದ್ದರಿಂದ ತುದಿ ಚೂಪು. ನಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಟೈರ್ ಪಂಕ್ಚರ್ ಆಗಿದ್ದು ನಾನೇ ನೋಡಿದ್ದೇನೆ. ಸೆಸ್ನಾದ ಟೈರ್ ಅದರ ಮುಂದೆ ಏನು?

ಅದರ ಆಚೆ ಕಪ್ಪಗೆ, ನುಣ್ಣಗೆ ಕಾಣುವ ಹೊಲ ಇನ್ನೊಂದು. ಅಲ್ಲಿ ಟ್ರ್ಯಾಕ್ಟರ್ ಹೊಡೆದು ಆಗಿತ್ತು. ಎರೆ ಮಣ್ಣು ನೇಗಿಲಿಗೆ ಸಿಕ್ಕರೆ ಕಲ್ಲಿನಷ್ಟು ಗಟ್ಟಿ ಹೆಂಟೆ ಏಳುತ್ತೆ. ಮೇಲಿಂದ ಆ ಹೆಂಟೆ ಒಂದೂ ಕಾಣಲ್ಲ. ಇನ್ನೂ ದೂರ ಬೂದು ಬಣ್ಣದ, ಅಂಚು ಗೆರೆ ಎಳೆದಷ್ಟು ನೇರ ಇರುವ ಜಾಗ ಇತ್ತು. ಅದನ್ನು ಹೊಲ ಅಂದುಕೊಂಡರೆ ಮುಗಿಯಿತು. ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಕಲ್ಲು ತೆಗೆದ ಗಣಿ, ಒಳಗೆ ಗುಂಡಿ.

ಬಲಕ್ಕೆ, ಬಂಡಿ ದಾರಿಯ ಪಕ್ಕ, ಒಂದು ಬೋಳು ಹೊಲ. ನೋಡಲು ಏನೂ ಚೆಂದ ಇರಲಿಲ್ಲ. ಬಿತ್ತಿದ ಸಾಲು ತೆಳ್ಳಗೆ ಇನ್ನೂ ಕಾಣುತ್ತಿತ್ತು, ಮೂಲೆಯಲ್ಲಿ ಹೊಟ್ಟಿನ ಗುಡ್ಡೆ. ಕಡಲೆ ಕಿತ್ತು ರಾಶಿ ಮಾಡಿದ ಹೊಲ. ಕಡಲೆ ಗಿಡ ಮೊಣಕಾಲಿಗೂ ಬರಲ್ಲ, ಕಿತ್ತ ಮೇಲೆ ಕೂಳೆ ಉಳಿಯಲ್ಲ, ನೇಗಿಲು ಇನ್ನೂ ಬಿದ್ದಿಲ್ಲ. "ಸರ್, ದಟ್ ಒನ್." ಸರ್ ನನ್ನ ಮುಖ ನೋಡಿದರು. "ಶೂರ್?" "ಶೂರ್ ಸರ್." ತಿರುಗಿಸಿಬಿಟ್ಟರು. ನನ್ನಂಥ ಕಲಿಯುವವಳ ಮಾತಿಗೆ ಆ ಹೊತ್ತಿನಲ್ಲಿ ತಲೆಯಾಡಿಸಿದರಲ್ಲ, ಅದು ನನಗೆ ಇವತ್ತಿಗೂ ದೊಡ್ಡದು ಅನ್ನಿಸುತ್ತೆ.

ತಂತಿ ಹುಡುಕುವುದು ನನ್ನ ಕೆಲಸ. ಮೇಲಿಂದ ತಂತಿ ಕಾಣಲ್ಲ, ಕಂಬ ಹುಡುಕಬೇಕು. ಹೊಲದ ಬಡಗಣ ಅಂಚಿನಲ್ಲಿ ಒಂದು ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಪಂಪ್‌ಸೆಟ್ ಕಡೆಗೆ ಎರಡು ಕಂಬ. ನಮ್ಮ ದಾರಿಗೆ ಅಡ್ಡ ಇರಲಿಲ್ಲ. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಹೊಗೆ ಪಡುವಣಕ್ಕೆ ವಾಲಿತ್ತು, ಅಂದರೆ ಗಾಳಿ ಮೂಡಣದಿಂದ. ಸಾಲುಗಳೂ ಹೆಚ್ಚುಕಮ್ಮಿ ಅದೇ ದಿಕ್ಕಿಗೆ ಇದ್ದವು. ಗಾಳಿಗೆ ಎದುರಾಗಿ, ಸಾಲಿನ ಗುಂಟ ಇಳಿಯಲು ಸಿಕ್ಕಿದ್ದು ಪುಣ್ಯ.

ಗಾಳಿಗೆ ಎದುರು ಅನ್ನುವುದು ಸುಮ್ನೆ ನಿಯಮಕ್ಕೆ ಅಲ್ಲ. ನೆಲ ಮುಟ್ಟುವಾಗಿನ ವೇಗ ಎರಡರಷ್ಟಾದರೆ ಪೆಟ್ಟಿನ ಜೋರು ನಾಲ್ಕರಷ್ಟು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ, ಒಂದೇ ಸಮನೆ 9 ಜಿ, ಅಂದರೆ ನಮ್ಮ ತೂಕದ ಒಂಬತ್ತು ಪಟ್ಟು ಬಲದಲ್ಲಿ ನಿಲ್ಲಲು ಮೂರು ಮೀಟರ್ ಜಾಗ ಸಾಕು, ಬೆಲ್ಟ್ ಬಿಗಿಯಾಗಿದ್ದರೆ ಮನುಷ್ಯ ಬದುಕುತ್ತಾನೆ. 160 ಆದರೆ ಹನ್ನೊಂದು ಮೀಟರ್‌ಗಿಂತ ಜಾಸ್ತಿ ಬೇಕು. ಅದಕ್ಕೇ ಎಷ್ಟು ನಿಧಾನಕ್ಕೆ ಆಗುತ್ತೋ ಅಷ್ಟು ನಿಧಾನಕ್ಕೆ ಮುಟ್ಟಬೇಕು. ಆದರೆ ತೀರಾ ನಿಧಾನ ಮಾಡಿದರೆ ರೆಕ್ಕೆ ಹಿಡಿತ ಬಿಟ್ಟು ಮೇಲಿಂದಲೇ ಬೀಳುತ್ತೆ.

ಹೊಲ ಖಾತ್ರಿ ಆದ ಮೇಲೆ ಸರ್ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದರು. ನಂಬಲು ಆಗದ ಪವರ್ ಕೊನೆ ಗಳಿಗೆಯಲ್ಲಿ ಬಂದು ಹೋಗಿ ಮಾಡಿದರೆ ಲೆಕ್ಕ ತಪ್ಪುತ್ತೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗುವ ಫ್ಲಾಪ್ 10, 20, ಕೊನೆಗೆ 30 ಡಿಗ್ರಿ. ಇಂಧನ ಬಂದ್, ಇಗ್ನಿಷನ್ ಆಫ್. ಫ್ಲಾಪ್ ಕರೆಂಟಿನಿಂದ ನಡೆಯುವುದರಿಂದ ಮಾಸ್ಟರ್ ಸ್ವಿಚ್ ಆಫ್ ಮಾಡುವುದು ಅದಾದ ಮೇಲೆ. ನನ್ನ ಕಡೆಯ ಬಾಗಿಲಿನ ಚಿಲಕ ತೆಗೆದೆ. ಚೌಕಟ್ಟು ಸೊಟ್ಟಗಾದರೆ ಒಳಗೇ ಸಿಕ್ಕಿಹಾಕಿಕೊಳ್ಳಬಾರದು ಅಂತ. ತೆರೆದ ಬಾಗಿಲ ಸಂದಿಯಿಂದ ಒಣ ಮಣ್ಣಿನ ವಾಸನೆ ಬಂತು.

ಇಳಿದದ್ದು ಹೇಳುವಷ್ಟು ಏನೂ ಇಲ್ಲ. ಹಿಂದಿನ ಎರಡು ಗಾಲಿ ಮುಟ್ಟಿದವು. ಸರ್ ಕಂಟ್ರೋಲ್ ಹೊಟ್ಟೆಗೆ ಒತ್ತಿ ಹಿಡಿದು ಮೂಗು ಮೇಲೆಯೇ ಇಟ್ಟರು. ಬಹಳ ಸದ್ದು, ಧೂಳು. ಕೊನೆಯಲ್ಲಿ ಒಂದು ಸಣ್ಣ ಒಡ್ಡಿಗೆ ಮುಂದಿನ ಗಾಲಿ ಬಡಿಯಿತು, ಪ್ರೊಪೆಲರ್ ತುದಿ ನೆಲಕ್ಕೆ ತಾಗಿ ಬಾಗಿತು. ನಿಂತಿತು. ಇಬ್ಬರಿಗೂ ಒಂದು ಗೀರು ಕೂಡ ಇಲ್ಲ.

ನಿಜವಾದ ಗಲಾಟೆ ಆಮೇಲೆ. ಹೊರಗೆ ಬಂದು ನೂರು ಹೆಜ್ಜೆ ದೂರ ಹೋಗುವಷ್ಟರಲ್ಲಿ ಬೈಕ್ ಮೇಲೆ ಹುಡುಗರು ಬಂದರು. ಅವರ ಹಿಂದೆ ಊರೇ ಬಂತು. ರೆಕ್ಕೆಯ ಒಂದು ಕಡೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ವಿಮಾನದ ಪೆಟ್ರೋಲ್‌ಗೆ ನೀಲಿ ಬಣ್ಣ ಹಾಕಿರುತ್ತಾರೆ, ಕಪ್ಪು ಮಣ್ಣಿನ ಮೇಲೆ ಅದು ಬಿದ್ದಲ್ಲಿ ಒದ್ದೆ ಕಲೆ ಆಗುತ್ತಿತ್ತು. ಒಬ್ಬ ಕಾಕಾ ಬೀಡಿ ಹಚ್ಚಿಕೊಂಡೇ ಹತ್ತಿರ ಹೋಗುತ್ತಿದ್ದ. ನಾನು ಕಿರುಚಿದ ಕಿರುಚಿಗೆ ಬೀಡಿ ಜೊತೆ ಬೆಂಕಿಪೊಟ್ಟಣವನ್ನೂ ಎಸೆದುಬಿಟ್ಟ. ಇಳಿಯುವಾಗ ಬಾರದ ಹೆದರಿಕೆ ನನಗೆ ಬಂದದ್ದು ಆಗ. ಸರ್‌ಗೆ ಮಾತಿನ ತೊಂದರೆ ಆಗಲಿಲ್ಲ, ನಮ್ಮ ಕಡೆ ಹಿಂದಿ ಬಾರದವರು ಯಾರಿದ್ದಾರೆ? ಒಬ್ಬ ಆಯಿ ಕೊಡದಲ್ಲಿ ನೀರು ತಂದು ಕೊಟ್ಟಳು. "ಯಾರ ಮಗಳವ್ವಾ ನೀ?" ಅಂತ ಕೇಳಿ ಅಪ್ಪನ ಊರು, ಮನೆತನ ಎಲ್ಲ ತಿಳಿದುಕೊಂಡ ಮೇಲೆಯೇ ಸಮಾಧಾನ ಅವಳಿಗೆ.

ಕಡಲೆ ಹೊಲದ ಯಜಮಾನರಿಗೆ ನಷ್ಟ ಏನೂ ಆಗಲಿಲ್ಲ, ಬೆಳೆ ಮನೆ ಸೇರಿತ್ತು. ನಷ್ಟ ಆಗಿದ್ದು ಪಕ್ಕದ ಜೋಳದವರಿಗೆ. ರಸ್ತೆಯಿಂದ ಹತ್ತಿರದ ದಾರಿ ಅಂತ ಜನ ಅವರ ಹೊಲದೊಳಗಿಂದಲೇ ನುಗ್ಗಿದರು. ಸಂಜೆ ಹೊತ್ತಿಗೆ ಜೋಳದಲ್ಲಿ ಬಂಡಿ ಹೋಗುವಷ್ಟು ಅಗಲದ ದಾರಿ ಆಗಿತ್ತು. ವಿಮಾನ ಒಂದು ದಂಟನ್ನೂ ಮುರಿದಿರಲಿಲ್ಲ. ಹಾಗಾದರೆ ಪರಿಹಾರ ಯಾರು ಕೊಡಬೇಕು? ಸೆಲ್ಫಿಗೆ ಬಂದವರಾ? ಈ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಅವರಿಗೆ ದುಡ್ಡು ಬರಬೇಕು ಅಂತಲೇ ನನ್ನ ಅಭಿಪ್ರಾಯ, ಶಾಲೆಯಲ್ಲೂ ಹೇಳಿದ್ದೇನೆ.

ಇಂಜಿನ್ ಬಿಚ್ಚಿದಾಗ ಗೊತ್ತಾಗಿದ್ದು ಇಷ್ಟು. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದರ ಎಕ್ಸಾಸ್ಟ್ ವಾಲ್ವ್ ತನ್ನ ಗೈಡಿನೊಳಗೆ ಸಿಕ್ಕಿಹಾಕಿಕೊಂಡಿತ್ತು. ಸುಟ್ಟ ಮಸಿ ಅಲ್ಲಿ ಕಟ್ಟಿಕೊಂಡರೆ ಹೀಗಾಗುತ್ತೆ. ವಾಲ್ವ್ ತೆರೆಯಲ್ಲ, ಅದನ್ನು ತಳ್ಳುವ ಪುಶ್‌ರಾಡ್ ಬಾಗಿಹೋಗುತ್ತೆ. ಹೊರಗೆ ಹೋಗಬೇಕಾದ ಹೊಗೆ ಗಾಳಿ ಒಳಗೆ ಬರುವ ದಾರಿಯಿಂದಲೇ ವಾಪಸ್ ನುಗ್ಗಿ ಉಳಿದ ಸಿಲಿಂಡರ್‌ಗಳ ಉಸಿರೂ ಕೆಡಿಸುತ್ತೆ. ಒಂದು ಸಿಲಿಂಡರ್ ಹೋದರೆ ಕಾಲುಭಾಗಕ್ಕಿಂತ ಜಾಸ್ತಿ ಪವರ್ ಹೋಗುವುದು ಅದಕ್ಕೇ. ಬಾಗಿದ ಆ ರಾಡ್ ಕೈಯಲ್ಲಿ ಹಿಡಿದು ನೋಡಿದೆ. ಪೆನ್ನಿಗಿಂತ ಸ್ವಲ್ಪ ದಪ್ಪ.

ಮರುದಿನ ಅಪ್ಪ ಊರಿಂದ ಬಂದರು. ನನ್ನನ್ನು ನೋಡಿ ಒಂದು ಮಾತೂ ಆಡದೆ, "ನಡಿ, ಹೊಲ ತೋರ್ಸು" ಅಂದರು. ವಿಮಾನ ಇನ್ನೂ ಅಲ್ಲೇ ಇತ್ತು, ಪೊಲೀಸರು ಕಾಯುತ್ತಿದ್ದರು. ವಿಮಾನಗಳ ಉಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಡಿಜಿಸಿಎ ಕಡೆಯಿಂದ ಒಪ್ಪಿಗೆ ಬರುವ ತನಕ ಮುಟ್ಟುವಂತಿಲ್ಲ. ಅಪ್ಪ ವಿಮಾನದ ಕಡೆ ತಿರುಗಿಯೂ ನೋಡಲಿಲ್ಲ. ಗಾಲಿ ಗೆರೆ ಶುರುವಾದ ಜಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ಗೆರೆಯೊಳಗೆ ಬೆರಳು ಇಟ್ಟರು. ಅಲ್ಲಿ ಎರಡು ಬೆರಳು ಆಳ. ಹಾಗೇ ಗೆರೆ ಹಿಡಿದು ನಡೆದರು. ಮುಂದೆ ಮುಂದೆ ನಾಲ್ಕು ಬೆರಳು. ಅರ್ಧ ಹೊಲ ದಾಟಿದ ಮೇಲೆ ನಿಂತರು.

"ಈ ನಡುವಿನ ಗಾಲಿ ಇಲ್ಲಿತನಕ ಎಲ್ಲಿತ್ತು?"

"ಗಾಳ್ಯಾಗ ಇತ್ತಪ್ಪಾ. ಸರ್ ಎತ್ತಿ ಹಿಡಿದಿದ್ರು."

"ಅದಕ್ಕ ಮಗುಚಿಲ್ಲ." ಒಂದು ಬಿರುಕಿನಲ್ಲಿ ಕೈ ಇಳಿಸಿ ನೋಡಿ ಎದ್ದರು. "ಎಂಟ್ ದಿನ ತಡಾ ಆಗಿದ್ರ ಇಲ್ಲಿ ಟ್ರ್ಯಾಕ್ಟರ್ ಹೊಡಿತಿದ್ರು ಯವ್ವಾ. ಆವಾಗ ಎಲ್ಲಿ ಇಳಿಸ್ತಿದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಸ್ಟೆಲ್‌ನಲ್ಲಿ ರಾತ್ರಿ ಅದನ್ನೇ ಸ್ನೇಹಿತರಿಗೆ ಕೇಳಿದೆ. ಹರಿಯಾಣದ ಹುಡುಗ, ಕೇರಳದ ಹುಡುಗಿ, ಯಾರಿಗೂ ಗೊತ್ತಿಲ್ಲ. ಅವರಿಗೆ ಗೊತ್ತಿರಬೇಕು ಅಂತಲೂ ಇಲ್ಲ. ದಿನಾ ಈ ಹೊಲಗಳ ಮೇಲೆಯೇ ಹಾರುತ್ತೇವೆ, ಒಂದು ದಿನವೂ ಕೆಳಗಿಳಿದು ನಡೆದಿಲ್ಲ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ಅದರ ಜೊತೆಗೆ ಒಂದು ದಿನ ಹೊಲದಲ್ಲಿ ನಡೆಸಿದರೆ ಯಾರ ಗಂಟೇನು ಹೋಗುತ್ತೆ?

ಈಗ ಅಪ್ಪ ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಯಾವ ಕಡೆ ಏನು ಬಿತ್ತಿದ್ದಾರೆ, ಎಲ್ಲಿ ರಾಶಿ ಮುಗಿದಿದೆ, ಎಲ್ಲಿ ನೇಗಿಲು ಬಿದ್ದಿದೆ. ತಾವು ನೋಡಿದ್ದು ಸ್ವಲ್ಪ, ಸಂತೆಯಲ್ಲಿ ಕೇಳಿದ್ದು ಜಾಸ್ತಿ. ನಾನು ಅದನ್ನು ಹಿಂದಿಗೆ ತಿರುಗಿಸಿ ಗ್ರೂಪಿಗೆ ಹಾಕುತ್ತೇನೆ. ಸರ್ ಅದನ್ನು ಹಾರುವ ಮುಂಚಿನ ಬ್ರೀಫಿಂಗ್‌ನಲ್ಲಿ ಓದಿಸಲು ಶುರು ಮಾಡಿದ್ದಾರೆ.

ತೊಂದರೆ ಈಗ ಬಂದಿದೆ. ಜೂನ್ ಕೊನೆ, ಮಳೆ ಹಿಡಿದಿದೆ, ತೊಗರಿ ಬಿತ್ತನೆ ಜೋರಾಗಿದೆ. "ತೊಯ್ದ ಎರಿಯಾಗ ಇಳಿಬ್ಯಾಡ್ರಿ, ಮನುಷ್ಯಾರ ಕಾಲೇ ಬರಂಗಿಲ್ಲ" ಅಂತ ಅಪ್ಪನ ಈ ವಾರದ ಸಂದೇಶ. ಅದು ಸರಿಯೇ, ಒದ್ದೆ ಎರೆಗೆ ಮುಂದಿನ ಗಾಲಿ ಇಳಿದರೆ ವಿಮಾನ ಅಲ್ಲೇ ಮಗುಚುತ್ತೆ. ರಸ್ತೆಯಲ್ಲಿ ಇಳಿಯೋಣ ಅಂದರೆ ಎರಡೂ ಕಡೆ ಕಂಬ, ಮರ, ಬಸ್ಸು. ಉಳಿಯುವುದು ಊರಿನ ದನ ಮೇಯಲು ಬಿಟ್ಟ ಗಾಯರಾಣ ಮತ್ತು ಚಿಂಚೋಳಿ ಕಡೆಯ ಕೆಂಪು ಮಣ್ಣಿನ ನೆಲ.

ಹಾಗಾಗಿ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ನಿಮ್ಮೂರ ಗಾಯರಾಣ ಎಷ್ಟು ಉದ್ದ ಇದೆ? ಮುರಂ ತೋಡಿ ಗುಂಡಿ ಮಾಡಿದ್ದಾರಾ? ನಡುವೆ ಕರೆಂಟಿನ ಕಂಬ ಇದೆಯಾ? ಮಳೆ ಬಂದ ಮರುದಿನ ಅದರ ಮೇಲೆ ಬೈಕ್ ಓಡುತ್ತಾ? ನಮಗೆ ಮುನ್ನೂರು ಮೀಟರ್ ಸಿಕ್ಕರೂ ಸಾಕು.